ಹನ್ನೊಂದು ಗಂಟೆಯ ಗಾಳಿ

ನಾಚಾರಂ

ನೇಪಾಳಕ್ಕೆ ಹೋಗಿಬಂದದ್ದನ್ನು ವಿದೇಶ ಪ್ರವಾಸ ಎನ್ನಬಹುದೇ ಎಂಬುದರ ಬಗ್ಗೆ ಹೈದರಾಬಾದಿನ ಕುಷಾಯಿಗೂಡದ ನಮ್ಮ ಓಣಿಯಲ್ಲಿ ಇನ್ನೂ ಒಮ್ಮತ ಮೂಡಿಲ್ಲ. ಪಾಸ್‌ಪೋರ್ಟ್ ಬೇಕಾಗಿಲ್ಲ, ಮತದಾರರ ಗುರುತಿನ ಚೀಟಿ ಸಾಕು ಎಂದು ಗೊತ್ತಾದ ದಿನವೇ ಅಮ್ಮನ ಉತ್ಸಾಹ ಅರ್ಧ ಇಳಿದಿತ್ತು. ಎದುರು ಮನೆಯ ಕಾಕು, "ಹಂಗಾರ ಫಾರಿನ್ ಅಲ್ಲ ಬಿಡ. ಶಿರಡಿಗೆ ಹೋಗಿ ಬಂದಂಗ ಆತು" ಎಂದು ತೀರ್ಪು ಕೊಟ್ಟರು. ನಾನು ವಾದಿಸಲಿಲ್ಲ. ಅಲ್ಲಿದ್ದಷ್ಟು ದಿನ ಗಡಿಯಾರವನ್ನು ಹದಿನೈದು ನಿಮಿಷ ಮುಂದೆ ಇಟ್ಟುಕೊಂಡಿದ್ದೆ. ನನಗೆ ಅಷ್ಟು ಸಾಕು.

ನಾನು ನಾಚಾರಂ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ಮಳೆ ಅಳೆಯುವ ಪಾತ್ರೆ, ಗಾಳಿಯ ವೇಗಕ್ಕೆ ತಿರುಗುವ ಬಟ್ಟಲುಗಳು, ಗಾಳಿಯ ದಿಕ್ಕು ತೋರಿಸುವ ಬಾಣ, ಇವೆಲ್ಲ ಅಲ್ಲಿ ತಯಾರಾಗುತ್ತವೆ. ತಯಾರಿಸುವ ಕೈ ನನ್ನದಲ್ಲ. ಹವಾಮಾನ ಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದ್ದಾಳೆಂದು ನನ್ನನ್ನು ಮೇಜಿನ ಮುಂದೆ ಕೂರಿಸಿದ್ದಾರೆ. ಮಾರಿದ ಉಪಕರಣ ಮೊದಲ ವರ್ಷ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ನೋಡುವುದು ನನ್ನ ಪಾಲಿನ ಕೆಲಸ. ಅದಕ್ಕಾಗಿ ಉಪಕರಣವಿರುವ ಊರಿನವರೇ ಒಬ್ಬರು ದಿನಕ್ಕೆ ಮೂರು ಸಲ ಆಕಾಶ, ಗಾಳಿ, ಮಳೆಯನ್ನು ತಾವೇ ನೋಡಿ ಒಂದು ಪುಸ್ತಕದಲ್ಲಿ ಬರೆಯುತ್ತಾರೆ. ಅವರನ್ನು ವೀಕ್ಷಕರು ಎನ್ನುತ್ತೇವೆ. ಯಂತ್ರ ಬರೆದದ್ದನ್ನೂ ಮನುಷ್ಯರು ಬರೆದದ್ದನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇನೆ.

ನೇಪಾಳದ ಮುಸ್ತಾಂಗ್ ಜಿಲ್ಲೆಯ ಮಾರ್ಫಾ ಎಂಬ ಊರಿನ ಸೇಬು ಬೆಳೆಗಾರರ ಸಂಘ ನಮ್ಮಿಂದ ಈ ಉಪಕರಣಗಳೆಲ್ಲ ಇರುವ ಒಂದು ಹವಾಮಾನ ಕೇಂದ್ರ ಕೊಂಡಿತ್ತು. ಅಲ್ಲಿಂದ ಬಂದ ಮೊದಲ ತಿಂಗಳುಗಳ ಮಾಹಿತಿ ನೋಡಿ ನನಗೆ ಅನುಮಾನ ಬಂತು. ಬೆಳಿಗ್ಗೆ ಗಾಳಿ ಇಲ್ಲ. ಹನ್ನೊಂದರ ಆಚೀಚೆ ದಕ್ಷಿಣದಿಂದ ಗಾಳಿ ಎದ್ದು ಸಂಜೆಯವರೆಗೆ ಬೀಸುತ್ತದೆ, ಕತ್ತಲಾದಂತೆ ಬೀಳುತ್ತದೆ. ಮರುದಿನವೂ ಅದೇ, ಅದರ ಮರುದಿನವೂ ಅದೇ. ಯಂತ್ರವೂ ಹಾಗೆಯೇ ಹೇಳುತ್ತಿತ್ತು, ಪುಸ್ತಕವೂ ಹಾಗೆಯೇ. ದಖ್ಖನ್ನಿನ ಬಯಲಿನಲ್ಲಿ ಬೆಳೆದವಳಿಗೆ ಗಾಳಿ ಎಂದರೆ ಮಳೆಗಾಲವೊಂದನ್ನು ಬಿಟ್ಟು ಉಳಿದ ಕಾಲದಲ್ಲಿ ಮನಸ್ಸು ಬಂದ ಕಡೆ ತಿರುಗುವಂಥದು. ಬಾಣ ಸಿಕ್ಕಿಹಾಕಿಕೊಂಡಿದೆ, ವೀಕ್ಷಕರು ಹೊರಗೆ ನೋಡದೆ ಯಂತ್ರದ ಪರದೆ ನೋಡಿ ನಕಲು ಮಾಡುತ್ತಿದ್ದಾರೆ ಎಂದು ತೀರ್ಮಾನಿಸಿದೆ. ಸಂಘಕ್ಕೆ ಕಳಿಸುವ ತಿಂಗಳ ನಮೂನೆಯಲ್ಲಿ ಒಂದೇ ಸಾಲಿನ ಷರಾ ಬರೆದೆ: ಗಾಳಿಯ ದಾಖಲೆ ದಿನವೂ ಒಂದೇ ತೆರನಾಗಿದೆ, ನಂಬಲರ್ಹವಲ್ಲ. ಎರಡು ಸಲ ಹಾಗೆ ಬರೆದೆ.

ಆಮೇಲೆ ಪುಸ್ತಕ ಸುಧಾರಿಸಿತು. ಒಮ್ಮೆ ನೈರುತ್ಯ, ಒಮ್ಮೆ ಪೂರ್ವ, ಒಮ್ಮೆ ಉತ್ತರ, ಗಾಳಿ ನಿಜವಾದ ಗಾಳಿಯ ಹಾಗೆ ಓಡಾಡತೊಡಗಿತು. ಯಂತ್ರ ಮಾತ್ರ ಹಠ ಬಿಡಲಿಲ್ಲ. ಬಾಣ ಕೆಟ್ಟಿರುವುದು ಖಚಿತವಾಯಿತು. ನಮೂನೆಯಲ್ಲಿ "ಉತ್ತಮ" ಎಂದು ಬರೆದೆ. ಒಂದು ವರ್ಷದ ಭರವಸೆಯ ಅವಧಿ ಮುಗಿಯುವ ಮುಂಚೆ ಹೊಸ ಬಾಣ ಹಾಕಿ ಬನ್ನಿ ಎಂದು ಮಾಲೀಕರು ನಮ್ಮಿಬ್ಬರನ್ನು ಕಳಿಸಿದರು. ನನ್ನ ಜೊತೆ ಬಂದವರು ಗುರುನಾಥ ಕಾಕಾ. ಅಪ್ಪನ ಜೊತೆ ಕುಷಾಯಿಗೂಡದ ಸರ್ಕಾರಿ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾಗಿ, ಈಗ ನಮ್ಮಲ್ಲಿ ಉಪಕರಣ ಜೋಡಿಸುತ್ತಾರೆ.

ನನ್ನ ಚೀಲದಲ್ಲಿ ವರ್ಷದ ಕೊನೆಯ ನಮೂನೆ ಇತ್ತು. ಅದರ ಕಡೆಯ ಸಾಲಿನಲ್ಲಿ, ಈ ವೀಕ್ಷಕರನ್ನೇ ಮುಂದುವರಿಸಬಹುದೇ, ಎಂದು ಕೇಳಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ, ನೋಡದೆ ಬರೆದವರನ್ನು ಮುಂದುವರಿಸುವಂತಿಲ್ಲ ಎಂದೂ ಇದೆ. ಮಾರ್ಫಾದ ವೀಕ್ಷಕಿಯ ಹೆಸರು ಮಾಯಾ ಎಂಬುದಷ್ಟೇ ನನಗೆ ಗೊತ್ತಿತ್ತು. ಮುಂದುವರಿಸಬಹುದು ಎಂದು ಬರೆಯುವ ಉದಾರ ಮನಸ್ಸಿನಲ್ಲಿ ಹೊರಟಿದ್ದೆ.

ಪೋಖರಾ

ಪೋಖರಾದಲ್ಲಿ ಮಳೆ ನಿಲ್ಲಲಿಲ್ಲ. ನಿಲ್ಲುವ ಯೋಚನೆಯೂ ಅದಕ್ಕೆ ಇದ್ದಂತಿರಲಿಲ್ಲ. ಹೈದರಾಬಾದಿನ ಮಳೆ ಸಿಟ್ಟಿನದು: ಕುಷಾಯಿಗೂಡದಲ್ಲಿ ಮೊಣಕಾಲುದ್ದ ನೀರು ನಿಂತಿರುವಾಗ ದಿಲ್‌ಸುಖ್‌ನಗರದ ಅತ್ತೆ ಫೋನಿನಲ್ಲಿ ಇಲ್ಲಿ ಬಟ್ಟೆ ಒಣಹಾಕಿದ್ದೇನೆ ಎನ್ನುತ್ತಾರೆ. ಪೋಖರಾದ ಮಳೆ ಸಮಾಧಾನದ ಮಳೆ. ವಸತಿಗೃಹದ ಯಜಮಾನತಿ ಪ್ರತಿ ಕೋಣೆಯ ಬಾಗಿಲಲ್ಲಿ ಒಂದು ಬಕೆಟ್ ಇಟ್ಟಿದ್ದರು. ಬಂದವರು ಒದ್ದೆ ಸಾಕ್ಸನ್ನು ಅದರೊಳಗೆ ಹಿಂಡಿ ಒಳಗೆ ಹೋಗಬೇಕು. ಯಾರೂ ಮಳೆಯ ಬಗ್ಗೆ ಮಾತಾಡುತ್ತಿರಲಿಲ್ಲ. ನಾವಿಬ್ಬರೇ ಮಾತಾಡುತ್ತಿದ್ದೆವು.

ಮೂರು ದಿನದಿಂದ ಮಲೆಯಾಚೆಗೆ ವಿಮಾನ ಹಾರಿಲ್ಲ, ಜೀಪೇ ಗತಿ ಎಂದರು. ಕಾಕಾ ಪೇಟೆಗೆ ಹೋಗಿ ಉದ್ದ ಹಿಡಿಯ ದೊಡ್ಡ ಕೊಡೆಯೊಂದನ್ನು ತಂದರು. ಕೊಡೆ ಎಷ್ಟು ದೊಡ್ಡದೆಂದರೆ, ಜೀಪಿನೊಳಗೆ ಅದಕ್ಕೂ ಒಂದು ಸೀಟು ಹಿಡಿಯಬೇಕಾಯಿತು. ಹೊಸ ಬಾಣವಿದ್ದ ತಗಡಿನ ಪೆಟ್ಟಿಗೆಯನ್ನು ಅವರು ಹೈದರಾಬಾದಿನಿಂದ ತೊಡೆಯ ಮೇಲೇ ಇಟ್ಟುಕೊಂಡು ಬಂದಿದ್ದರು. ಏನಿದೆ ಎಂದು ಚಾಲಕ ಕೇಳಿದಾಗ ಕಾಕಾ ತಮ್ಮ ಹೈದರಾಬಾದಿ ಹಿಂದಿಯಲ್ಲಿ, ಇದು ಗಾಳಿಗೆ ದಾರಿ ತೋರಿಸುವುದು, ಮುಟ್ಟಬೇಡ ಎಂದರು. ಚಾಲಕ ಗೌರವದಿಂದ ಕೈ ಹಿಂದಕ್ಕೆ ತೆಗೆದುಕೊಂಡ.

ದಾನಾದ ಹತ್ತಿರ, ಕುಸಿದ ರಸ್ತೆ

ಬೇನಿ ಎಂಬ ಊರಿನಿಂದ ಮೇಲೆ ರಸ್ತೆ ಕಾಳಿಗಂಡಕಿ ನದಿಯ ಪಕ್ಕದಲ್ಲೇ ಏರುತ್ತದೆ. ಎಡಕ್ಕೆ ಧವಳಗಿರಿ, ಬಲಕ್ಕೆ ಅನ್ನಪೂರ್ಣ. ಜಗತ್ತಿನ ಅತಿ ಎತ್ತರದ ಶಿಖರಗಳಲ್ಲಿ ಎರಡರ ನಡುವೆ ನದಿ ಕೊರೆದುಕೊಂಡ ಸಂದಿನಲ್ಲಿ ನಾವಿದ್ದೆವು. ಆದರೆ ಶಿಖರಗಳನ್ನು ನಾನು ನಕ್ಷೆಯಲ್ಲಿ ಮಾತ್ರ ನೋಡಿದೆ. ಕಿಟಕಿಯಲ್ಲಿದ್ದದ್ದು ಮೋಡ, ಹಸಿರು ಗೋಡೆ, ಎಣಿಸಲಾಗದಷ್ಟು ಜಲಪಾತ.

ದಾನಾ ಎಂಬ ಹಳ್ಳಿ ಹತ್ತಿರವಾದಾಗ ರಸ್ತೆ ಇರಲಿಲ್ಲ. ಗುಡ್ಡ ಜಾರಿ ರಸ್ತೆಯ ಮೇಲೆ ಮಲಗಿತ್ತು. ಆಚೆ ಬದಿಯಲ್ಲಿ ಮೇಲಿನಿಂದ ಬಂದ ಜೀಪುಗಳು, ಈಚೆಗೆ ನಮ್ಮವು. ನಮ್ಮ ಕಡೆಯಾಗಿದ್ದರೆ ಮೊದಲು ಬೈಗುಳ, ಆಮೇಲೆ ಫೋನು, ಆಮೇಲೆ ಒಬ್ಬ ನಾಯಕ ಹುಟ್ಟಿಕೊಳ್ಳುತ್ತಿದ್ದ. ಇಲ್ಲಿ ಎರಡು ಕಡೆಯವರೂ ಇಳಿದು ಚಪ್ಪಲಿ ಕೈಗೆ ತೆಗೆದುಕೊಂಡರು. ಆಚೆಯವರು ಈಚೆ ಬಂದರು, ನಾವು ಆಚೆ ಹೋದೆವು. ಅವರ ಜೀಪು ನಮಗೆ, ನಮ್ಮದು ಅವರಿಗೆ. ಮಧ್ಯದ ಕೆಸರಿನಲ್ಲಿ ಎದುರಾದವರು ಒಬ್ಬರ ಗಂಟನ್ನು ಇನ್ನೊಬ್ಬರು ಹಿಡಿದು, ಕೈ ಕೊಟ್ಟು ದಾಟಿಸುತ್ತಿದ್ದರು. ಕಾಕಾ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಪೆಟ್ಟಿಗೆ ಹಿಡಿದು ನಡುವೆ ನಿಂತುಬಿಟ್ಟಿದ್ದರು. ಕೆಂಪು ಟೊಪ್ಪಿಗೆಯ ಮುದುಕರೊಬ್ಬರು ಪೆಟ್ಟಿಗೆ ಇಸಿದುಕೊಂಡು, ಅವರ ತೋಳು ಹಿಡಿದು ದಾಟಿಸಿ, ನಮಸ್ತೆ ಹೇಳಿ ತಮ್ಮ ದಾರಿ ಹಿಡಿದರು.

ಪೆಟ್ಟಿಗೆ ಅವರ ಕೈಯಲ್ಲೇ ಉಳಿದಿತ್ತು. ಅದು ನಮಗೆ ಗೊತ್ತಾದದ್ದು ಒಂದು ತಾಸಿನ ಮೇಲೆ.

"ಪೆಟಗಿ ಎಲ್ಲೈತಿ ಕಾಕಾ?" ಎಂದೆ.

ಕಾಕಾ ತಮ್ಮ ಖಾಲಿ ತೊಡೆ ನೋಡಿಕೊಂಡರು. ಆಮೇಲೆ ಕೊಡೆ ನೋಡಿದರು. "ಇದನ್ನ ಗಟ್ಟಿ ಹಿಡಕೊಂಡಿದ್ನೆವಾ," ಎಂದರು.

ಹೊಸ ಚಾಲಕ ಕೆಳಗಿನ ಚಾಲಕನಿಗೆ ಫೋನು ಮಾಡಿ, ಪೆಟ್ಟಿಗೆ ಬೇನಿಗೆ ಹೋಗುತ್ತಿದೆ, ಮೇಲೆ ಬರುವವರ ಕೈಲಿ ಬರುತ್ತದೆ ಎಂದ. ಯಾವಾಗ ಎಂದರೆ, ಬಂದಾಗ ಎಂದ. ನನಗೆ ಅಳು ಬರುವಂತಾಯಿತು. ಅದೇ ನಮ್ಮ ಪ್ರಯಾಣದ ಅತ್ಯಂತ ಒಳ್ಳೆಯ ಗಳಿಗೆ ಎಂದು ಆಗ ಹೇಳಿದ್ದರೆ ನಂಬುತ್ತಿರಲಿಲ್ಲ. ಪೆಟ್ಟಿಗೆ ಜೊತೆಗಿದ್ದಿದ್ದರೆ ಕಾಕಾ ಒಂದು ತಾಸಿನಲ್ಲಿ ಹಳೆಯ ಬಾಣ ಬಿಚ್ಚಿ ಹೊಸದು ಹಾಕುತ್ತಿದ್ದರು, ನಾನು ಸಹಿ ಹಾಕುತ್ತಿದ್ದೆ, ಮರುದಿನವೇ ವಾಪಸು ಹೊರಡುತ್ತಿದ್ದೆವು.

ಘಾಸಾ ದಾಟಿದ ಮೇಲೆ

ಘಾಸಾದವರೆಗೆ ಬಾಳೆ, ಜರಿಗಿಡ, ಜಿಗಣೆ. ಅಲ್ಲಿಂದ ಮುಂದೆ ಒಂದೊಂದು ತಿರುವಿಗೂ ಏನಾದರೊಂದು ಕಡಿಮೆಯಾಗುತ್ತ ಬಂತು. ಮೊದಲು ಜಲಪಾತಗಳು ನಿಂತವು. ಆಮೇಲೆ ಎಲೆ ಅಗಲದ ಮರಗಳು ಹೋಗಿ ಪೈನ್ ಬಂದವು. ಆಮೇಲೆ ಚಾಲಕ ಗಾಜಿನ ಮೇಲಿನ ಮಳೆನೀರು ಒರೆಸುವ ಕಡ್ಡಿ ನಿಲ್ಲಿಸಿದ. ಮುಂದೆ ಪೈನ್ ಕೂಡ ವಿರಳವಾಯಿತು. ಕಣಿವೆ ಅಗಲವಾಗಿ, ನದಿ ಬೂದು ಕಲ್ಲಿನ ಬಯಲಿನಲ್ಲಿ ನಾಲ್ಕು ಎಳೆಯಾಗಿ ಹರಿಯತೊಡಗಿತು. ಹಿಂದೆ ತಿರುಗಿ ನೋಡಿದೆ. ಸಂದಿನ ಬಾಯಲ್ಲಿ ಮೋಡ ಗೋಡೆಯಂತೆ ನಿಂತಿತ್ತು. ಒಂದಿಷ್ಟು ಚೂರುಗಳು ಮಾತ್ರ ನಮ್ಮ ಹಿಂದೆ ಓಡಿಬಂದು, ಬಿಸಿಲು ಕಂಡೊಡನೆ ಕರಗುತ್ತಿದ್ದವು.

ಇದು ನನಗೆ ಹೊಸದಾಗಿರಲಿಲ್ಲ. ಮೋಡ ಬೆಟ್ಟ ಹತ್ತುವಾಗ ತಣಿಯುತ್ತದೆ, ತಣಿದಾಗ ನೀರು ಇಳಿಸುತ್ತದೆ, ಆಚೆ ಬದಿಗೆ ಇಳಿಯುವಾಗ ಅದರಲ್ಲಿ ಉಳಿದಿರುವುದು ಒಣ ಗಾಳಿ. ಅಪ್ಪನ ಊರು ವಿಜಯಪುರ ಜಿಲ್ಲೆಯ ಇಂಡಿ ಕಡೆ. ಘಟ್ಟದ ಮೇಲಿನ ಖಾನಾಪುರದಲ್ಲಿ ಆಷಾಢದಲ್ಲಿ ಕೊಡೆ ಮಡಚುವಂತಿಲ್ಲ, ಅದೇ ಮೋಡ ಇಂಡಿಗೆ ಬರುವಷ್ಟರಲ್ಲಿ ಬರೀ ನೆರಳು ಕೊಡುತ್ತದೆ. ಮಳೆನೆರಳು ಎಂಬ ಮಾತನ್ನು ಪಠ್ಯಪುಸ್ತಕದಲ್ಲಿ ಓದುವ ಮೊದಲೇ ನಾನು ಅದರಲ್ಲಿ ರಜೆ ಕಳೆದಿದ್ದೆ. ಆದರೆ ಅಲ್ಲಿ ಘಟ್ಟದಿಂದ ಇಂಡಿಯವರೆಗೆ ನೂರು ಮೈಲಿಗಿಂತ ಹೆಚ್ಚು ದೂರಕ್ಕೆ ಹರಡಿ ಆಗುವ ಬದಲಾವಣೆ ಇಲ್ಲಿ ಒಂದು ಮಧ್ಯಾಹ್ನದ ಜೀಪು ಸವಾರಿಯಲ್ಲಿ ಆಗಿಹೋಗಿತ್ತು.

ಮಾರ್ಫಾ, ಮೊದಲ ಸಂಜೆ

ಜೀಪಿನಿಂದ ಇಳಿದ ಕಾಕಾ ಅಭ್ಯಾಸಬಲದಿಂದ ಕೊಡೆ ಬಿಚ್ಚಿದರು. ಮಳೆ ಇರಲಿಲ್ಲ, ಗಾಳಿ ಇತ್ತು. ಕೊಡೆ ಮೊದಲು ಒಳಗಿನದು ಹೊರಗಾಯಿತು, ಆಮೇಲೆ ಕೈಯಿಂದ ಹಾರಿ, ನದಿಯ ಕಲ್ಲುಬಯಲಿನ ಮೇಲೆ ಉರುಳುತ್ತ ಟಿಬೆಟ್ಟಿನ ದಿಕ್ಕಿಗೆ ಹೊರಟಿತು. ಕಾಕಾ ಅದು ಕಣ್ಮರೆಯಾಗುವವರೆಗೆ ನಿಂತು ನೋಡಿದರು.

ಹೆದ್ದಾರಿ ಬಿಟ್ಟು ಊರೊಳಗಿನ ಓಣಿಗೆ ಕಾಲಿಟ್ಟೊಡನೆ ಗಾಳಿ ನಿಂತಿತು. ಬಾಗಿಲು ಮುಚ್ಚಿದ ಹಾಗೆ. ಸುಣ್ಣ ಬಳಿದ ಕಲ್ಲಿನ ಮನೆಗಳು ಭುಜಕ್ಕೆ ಭುಜ ತಾಗಿಸಿ ನಿಂತಿವೆ, ಓಣಿ ಇಬ್ಬರು ನಡೆಯುವಷ್ಟೇ ಅಗಲ. ಮನೆಗಳ ಮೇಲೆ ಸಪಾಟಾದ ಮಣ್ಣಿನ ಮಾಳಿಗೆ, ಅದರ ಅಂಚಿನುದ್ದಕ್ಕೂ ಒಟ್ಟಿದ ಸೌದೆ.

"ಇದು ನಮ್ಮ ಇಂಡಿ ಮನಿ ಐತಲ್ಲವಾ," ಎಂದರು ಕಾಕಾ. "ಮಣ್ಣಿನ ಮಾಳಗಿ. ಪೋಖರಾದಾಗ ಹಿಂಗ ಕಟ್ಟಿದ್ರ ಒಂದ ವಾರಕ್ಕ ತಲಿ ಮ್ಯಾಲೆ ಬೀಳ್ತಿತ್ತು. ಈ ಮಂದಿಗೆ ಮಳಿ ಎಷ್ಟು ಬರತೈತಿ ಅಂತ ಯಾರನ್ನೂ ಕೇಳೂದು ಬ್ಯಾಡ."

ವೀಕ್ಷಕಿ ಮಾಯಾ ದಿದಿ ತಮ್ಮ ಮನೆಯಲ್ಲೇ ನಮ್ಮನ್ನು ಇಳಿಸಿಕೊಂಡರು. ನಲವತ್ತರ ಆಸುಪಾಸಿನ ಹೆಂಗಸು, ಮಾತು ಕಡಿಮೆ, ಪೋಖರಾದಲ್ಲಿ ಕೆಲವು ವರ್ಷ ಅಂಗಡಿಯಲ್ಲಿದ್ದುದರಿಂದ ಹಿಂದಿ ಚೆನ್ನಾಗಿ ಬರುತ್ತಿತ್ತು. ಗಂಡ ಹೇಸರಗತ್ತೆಗಳೊಂದಿಗೆ ಮೇಲಿನ ಊರುಗಳಿಗೆ ಹೋಗಿದ್ದರು. ಸಂಘದ ಕಾರ್ಯದರ್ಶಿ ಚಹಾದ ಹೊತ್ತಿಗೆ ಬಂದು ಹೋದರು. ವೀಕ್ಷಕಿಯಾದ ಮೇಲೆ ಸಂಘದ ಸಭೆಯಲ್ಲಿ ಕುರ್ಚಿ ಇರುವ ಏಕೈಕ ಹೆಂಗಸು ಮಾಯಾ ಎಂದು ಅವರೇ ಹೇಳಿದರು. ಎರಡು ಕೆಟ್ಟ ಷರಾ ಬಂದಾಗ ಕೆಲಸವನ್ನು ಬೇರೆಯವರಿಗೆ ಕೊಡುವ ಮಾತಾಗಿತ್ತು, ಆಮೇಲೆ ಸುಧಾರಿಸಿಕೊಂಡಳು, ನಿಮ್ಮ ವರ್ಷದ ಷರಾ ನೋಡಿ ಪಕ್ಕಾ ಮಾಡುತ್ತೇವೆ ಎಂದರು. ದಿದಿ ಒಲೆಯ ಕಡೆ ಮುಖ ಮಾಡಿ ಕೂತಿದ್ದರು. ಷರಾ ಬರೆದವರು ಯಾರು ಎಂದು ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಕೇಳದೆ ಹೇಳುವ ಅಭ್ಯಾಸ ನನಗಿಲ್ಲ, ಮತ್ತು ಆ ಅಭ್ಯಾಸ ಇಲ್ಲದಿರುವುದು ಆ ಸಂಜೆ ಅನುಕೂಲವಾಗಿತ್ತು.

ಮಾರ್ಫಾ, ಎರಡನೆಯ ದಿನ

ಬೆಳಿಗ್ಗೆ ಹೊಗೆ ನೇರವಾಗಿ ಮೇಲೇಳುತ್ತಿತ್ತು. ಸೇಬಿನ ತೋಟದಾಚೆಯ ದಿಣ್ಣೆಯ ಮೇಲೆ ನಮ್ಮ ಕೇಂದ್ರ ಬೇಲಿಯೊಳಗೆ ನಿಂತಿತ್ತು. ನಾಚಾರಂನಲ್ಲಿ ಬಣ್ಣ ಹೊಡೆದ ಆ ಕಂಬವನ್ನು ಹಿಮದ ಬೆಟ್ಟದ ಎದುರು ನೋಡಿ ಕಾಕಾ ಒಮ್ಮೆ ಕೈಯಿಂದ ಸವರಿದರು. ಆಮೇಲೆ ಏಣಿ ಹತ್ತಿ, ಬಾಣಕ್ಕೆ ಬೆರಳು ತಾಗಿಸಿದರು. ಅದು ಸರಾಗವಾಗಿ ಒಂದು ಸುತ್ತು ಬಂತು. ಇನ್ನೊಂದು ಸಲ ತಾಗಿಸಿದರು. ಇನ್ನೊಂದು ಸುತ್ತು.

"ಇದಕ್ಕೇನೂ ಆಗಿಲ್ಲವಾ," ಎಂದರು ಏಣಿಯ ಮೇಲಿಂದಲೇ. "ಬೆಣ್ಣಿ ಹಂಗ ತಿರಗಾಕತ್ತೈತಿ."

ಹೊಸ ಬಾಣ ಇಲ್ಲದ್ದರಿಂದ ಮಾಡಲು ಬೇರೆ ಕೆಲಸವಿರಲಿಲ್ಲ. ಕೂತು ನೋಡಿದೆವು. ಹತ್ತೂವರೆಯ ನಂತರ ಮನೆಯ ಮೇಲೆ ಕಟ್ಟಿದ್ದ, ಬೌದ್ಧ ಮಂತ್ರ ಬರೆದ ಬಾವುಟವೊಂದು ಮಿಸುಕಿತು. ಹನ್ನೊಂದಕ್ಕೆ ಎಲ್ಲ ಬಾವುಟಗಳೂ ಎದ್ದವು. ತೋಟದ ಹೆಂಗಸರು ತಲೆವಸ್ತ್ರ ಬಿಗಿದುಕೊಂಡರು. ಬಾಣ ತಿರುಗಿ ದಕ್ಷಿಣಕ್ಕೆ ಮುಖ ಮಾಡಿ ನಿಂತಿತು. ಆಮೇಲೆ ಅಲ್ಲಿಂದ ಕದಲಲಿಲ್ಲ. ತೋಟದಂಚಿನ ಹಳೆಯ ಮರಗಳನ್ನು ಆಗ ಗಮನಿಸಿದೆ: ಎಲ್ಲವೂ ಉತ್ತರಕ್ಕೆ ವಾಲಿಕೊಂಡು ಬೆಳೆದಿದ್ದವು. ಎಷ್ಟೋ ವರ್ಷಗಳ ಗಾಳಿಯ ದಾಖಲೆ ಕಣ್ಣೆದುರಿಗೇ ಇತ್ತು. ಅದನ್ನು ಯಾರೂ ಯಂತ್ರದ ಪರದೆ ನೋಡಿ ನಕಲು ಮಾಡಿರಲು ಸಾಧ್ಯವಿಲ್ಲ.

ಕಾಗದದ ಮೇಲೆ ಬಿಡಿಸಿ ಕಾಕಾಗೆ ವಿವರಿಸಿದೆ. ಉತ್ತರಕ್ಕೆ ಎತ್ತರದ ಒಣ ಬಯಲು. ಮೋಡವಿಲ್ಲ, ಮರವಿಲ್ಲ, ಬಿಸಿಲು ಬಿದ್ದೊಡನೆ ನೆಲ ಕಾಯುತ್ತದೆ. ಅಲ್ಲಿನ ಗಾಳಿ ಹಗುರಾಗಿ ಮೇಲೆ ಹೋಗುತ್ತದೆ. ಖಾಲಿಯಾದ ಜಾಗ ತುಂಬಲು ದಕ್ಷಿಣದ ತಗ್ಗಿನಿಂದ ಗಾಳಿ ಬರಬೇಕು. ಆದರೆ ನಡುವೆ ಹಿಮಾಲಯದ ಗೋಡೆ. ಇರುವ ಸಂದು ಇದೊಂದೇ. ಕಾಕಾ ನನ್ನ ಚಿತ್ರವನ್ನು ಪಕ್ಕಕ್ಕಿಟ್ಟು, ಇರಾನಿ ಹೋಟೆಲಿನ ಭಟ್ಟಿ ನೋಡಿದ್ದೀಯಾ ಎಂದು ಕೇಳಿದರು. ಮೇಲೆ ಕೆಂಡ ಕಾದಷ್ಟೂ ಕೆಳಗಿನ ಕಿಂಡಿ ಗಾಳಿ ಎಳೆಯುತ್ತದೆ. ನಾವು ಆ ಕಿಂಡಿಯಲ್ಲಿ ಕೂತಿದ್ದೇವೆ, ಅಷ್ಟೇ ತಾನೆ ಎಂದರು. ಅಷ್ಟೇ. ನಾನು ಎರಡು ವರ್ಷ ಓದಿದ್ದು ಅಷ್ಟೇ.

ಮಧ್ಯಾಹ್ನದ ದಾಖಲೆಗೆ ದಿದಿ ಬಂದರು. ಬಾಣದ ಕಡೆ ನೋಡಲೂ ಇಲ್ಲ; ಗಾಳಿಗೆ ಬೆನ್ನು ಕೊಟ್ಟು ನಿಂತು, ಎರಡೂ ಕಿವಿಯಲ್ಲಿ ಸದ್ದು ಸಮವಾಗುವವರೆಗೆ ತಲೆ ತಿರುಗಿಸಿದರು. ಅವರ ಮುಖ ಸರಿಯಾಗಿ ಉತ್ತರಕ್ಕಿತ್ತು. ಅದಕ್ಕಿಂತ ಚೊಕ್ಕವಾಗಿ ಗಾಳಿಯ ದಿಕ್ಕು ನೋಡಿದವರನ್ನು ನಾನು ಕಂಡಿಲ್ಲ. ಆಮೇಲೆ ಪುಸ್ತಕ ತೆಗೆದು, ಎಡಗೈಯಿಂದ ಹಾಳೆ ಮರೆಮಾಡಿಕೊಂಡು ಬರೆದರು. ಗಾಳಿ ಹಾಳೆಯನ್ನು ಎತ್ತಿದಾಗ ಓದಿದೆ. ಪೂರ್ವ ಎಂದು ಬರೆದಿದ್ದರು.

ನನಗೆ ಎಲ್ಲವೂ ಒಮ್ಮೆಲೇ ಅರ್ಥವಾಯಿತು. ನಾನು ನಂಬಲರ್ಹವಲ್ಲ ಎಂದ ತಿಂಗಳುಗಳು ನಿಜ. ಉತ್ತಮ ಎಂದವು ಸುಳ್ಳು. ನಿಯಮದ ಪ್ರಕಾರ ಸುಳ್ಳು ಬರೆದವರನ್ನು ತೆಗೆಯಬೇಕು. ಸುಳ್ಳು ಬರೆಯಲು ಕಲಿಸಿದವಳು ನಾನು.

ಸಂಜೆ ಕಾಕಾಗೆ ಹೇಳಿದೆ. ಅವರು ಸೇಬಿನ ಒಣ ಹೋಳೊಂದನ್ನು ಬಾಯಿಗೆ ಹಾಕಿಕೊಂಡರು.

"ನಾ ಏನ್ ಹೇಳಲಿ. ನಟ್ಟು ಬೋಲ್ಟಿಂದಾಗಿದ್ರ ನಾ ನೋಡತಿದ್ದೆ. ಇದು ನಿಂದು. ನೀನ ಹೋಗಿ ಕೇಳು."

ಮೂರನೆಯ ದಿನ, ಅಡುಗೆಮನೆ

ಬೆಳಿಗ್ಗೆ ಗಾಳಿ ಏಳುವ ಮುಂಚೆ ಅಡುಗೆಮನೆಗೆ ಹೋದೆ. ದಿದಿ ಆ ಎತ್ತರದಲ್ಲಿ ಬೆಳೆಯುವ ಮರಗೋಧಿಯ ಹಿಟ್ಟು ಕಲಸುತ್ತಿದ್ದರು. ನಿನ್ನೆ ಗಾಳಿ ದಕ್ಷಿಣದಿಂದ ಇತ್ತಲ್ಲ ದಿದಿ, ಎಂದೆ. ಅವರ ಕೈ ನಿಂತಿತು.

"ಹೌದು, ದಕ್ಷಿಣದಿಂದಲೇ ಇತ್ತು," ಎಂದರು. "ಇಲ್ಲಿ ಯಾವಾಗಲೂ ದಕ್ಷಿಣದಿಂದಲೇ. ಹಾಗೆ ಬರೆದರೆ ಹೈದರಾಬಾದಿನ ಸಾಹೇಬರು ತಪ್ಪು ಅನ್ನುತ್ತಾರೆ. ಎರಡು ಸಲ ಅಂದರು. ಏನು ತಪ್ಪು ಅಂತ ಬರೆದಿರಲಿಲ್ಲ. ನಾನು ಮೂರು ಸಲದ ಬದಲು ಆರು ಸಲ ಹೋಗಿ ನೋಡಿದೆ. ಮತ್ತೂ ಅದೇ ಗಾಳಿ. ಆಮೇಲೆ ಬೇರೆ ಬೇರೆ ಬರೆದೆ. ಉತ್ತಮ ಅಂತ ಬಂತು."

"ಆ ಸಾಹೇಬರು ನಾನೇ, ದಿದಿ."

ಅವರು ನನ್ನನ್ನು ನೋಡಿದರು. ನನ್ನ ವಯಸ್ಸು, ನನ್ನ ಒದ್ದೆ ಆರದ ಬೂಟು, ಎಲ್ಲವನ್ನೂ ನೋಡಿದ ಹಾಗಿತ್ತು.

"ನೀನಾ?" ಎಂದರು. ಅದುವರೆಗೆ ನನ್ನನ್ನು ಮೇಡಂ ಎನ್ನುತ್ತಿದ್ದರು. "ನೀನು ಗಡ್ಡದ ಗಂಡಸು ಅಂದುಕೊಂಡಿದ್ದೆ."

ನಾನು ನಗಲಿಲ್ಲ, ಅವರೂ ನಗಲಿಲ್ಲ. ತಪ್ಪು ನನ್ನದು, ಗಾಳಿ ಹೀಗಿರಬಹುದು ಎಂದು ನನಗೆ ಹೊಳೆಯಲಿಲ್ಲ, ಕೇಳಬೇಕಿತ್ತು, ಕೇಳಲಿಲ್ಲ ಎಂದೆ. ನನ್ನ ಹಿಂದಿ ಇಂಥ ಮಾತಿಗೆ ಸಾಲದು. ಕನ್ನಡದಲ್ಲೂ ಸಾಲುತ್ತಿತ್ತೋ ಇಲ್ಲವೋ.

ದಿದಿ ಕೈ ಒರೆಸಿಕೊಂಡು ಗೋಡೆಯ ಕ್ಯಾಲೆಂಡರ್ ತೋರಿಸಿದರು. ನಮ್ಮ ಮನೆಗಳಲ್ಲಿ ಹಾಲು ಬಂದದ್ದು ಬರದದ್ದು ಗುರುತು ಹಾಕುವಂಥ ಕ್ಯಾಲೆಂಡರ್. ಪ್ರತಿ ತಾರೀಖಿನ ಚೌಕದಲ್ಲೂ ಪೆನ್ಸಿಲಿನಲ್ಲಿ ಎರಡು ಅಂಕಿ, ಒಂದು ಸಣ್ಣ ಗೆರೆ. ಗಾಳಿ ಎದ್ದ ಹೊತ್ತು, ಬಿದ್ದ ಹೊತ್ತು, ಬಂದ ದಿಕ್ಕು. ಸುಳ್ಳು ಬರೆದ ತಿಂಗಳುಗಳಲ್ಲಿ ಒಂದು ದಿನವೂ ತಪ್ಪಿರಲಿಲ್ಲ.

"ಪುಸ್ತಕ ಸಾಹೇಬರದು," ಎಂದರು. "ಇದು ನನ್ನದು."

ಪುಸ್ತಕದಲ್ಲಿ ಅಳಿಸುವಂತಿಲ್ಲ ಎಂಬುದು ನಮ್ಮ ಕೆಲಸದ ನಿಯಮ. ತಪ್ಪಿದ್ದರೆ ಒಂದೇ ಗೆರೆ ಎಳೆದು, ಹಳೆಯದು ಕಾಣುವಂತೆ ಬಿಟ್ಟು, ಪಕ್ಕದಲ್ಲಿ ಸರಿಯಾದದ್ದು ಬರೆಯಬೇಕು. ದಿದಿ ಕ್ಯಾಲೆಂಡರ್ ಓದಿದರು, ನಾನು ಗೆರೆ ಎಳೆದು ಬರೆದೆ. ಹನ್ನೊಂದರ ಗಾಳಿ ಬಂದು ಕಿಟಕಿ ಬಡಿಯುವವರೆಗೂ ಮುಗಿಯಲಿಲ್ಲ. ನಡುವೆ ಒಮ್ಮೆ ದಿದಿ, ಸುಮ್ಮನೆ ಬರೆಯಲು ಮನಸ್ಸು ಬರುತ್ತಿರಲಿಲ್ಲ, ಅದಕ್ಕೆ ಆ ಹೊತ್ತಿಗೆ ಓಣಿಯಲ್ಲಿ ಮೊದಲು ಬಂದ ಹೇಸರಗತ್ತೆ ಯಾವ ಕಡೆಯಿಂದ ಬಂತೋ ಆ ದಿಕ್ಕು ಬರೆಯುತ್ತಿದ್ದೆ ಎಂದರು. ಆಗ ಇಬ್ಬರೂ ನಕ್ಕೆವು. ನಾನು ಉತ್ತಮ ಎಂದು ಮೆಚ್ಚಿದ್ದು ಮಾರ್ಫಾದ ಹೇಸರಗತ್ತೆಗಳನ್ನು.

ಸಂಘದ ಕೋಣೆ

ಮಾಲೀಕರಿಗೆ ಫೋನು ಮಾಡಿದೆ. ಬಾಣ ಸರಿ ಇದೆ ಎಂದಾಗ ಅವರಿಗೆ ಸಂತೋಷವಾಯಿತು. ಉಳಿದದ್ದು ಹೇಳಿದಾಗ, ಉದ್ದ ಬರೆಯಬೇಡ, ವೀಕ್ಷಕರನ್ನು ಬದಲಿಸಿ ಎಂದು ಒಂದು ಸಾಲು ಬರೆದು ಬಂದುಬಿಡು, ನಮ್ಮ ಹೆಸರು ಕೆಡುತ್ತದೆ ಎಂದರು. ಒಂದು ಸಾಲು ಬರೆದೇ ಇಷ್ಟಾಯಿತು ಸರ್ ಎಂದೆ. ನಾನು ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು. ಏನಾದರೂ ಬರೆ, ಆದರೆ ಬರೆದವಳ ಹೆಸರು ನಿನ್ನದೇ ಇರಲಿ ಎಂದು ಇಟ್ಟುಬಿಟ್ಟರು.

ಹಾಗೇ ಮಾಡಿದೆ. ಮೂರು ಪುಟವಾಯಿತು. ಬೆಟ್ಟದ ಸಂದು, ಬಿಸಿಲು, ಗಾಳಿ, ನನ್ನ ಎರಡು ಷರಾ, ಅವುಗಳಿಂದ ಆದದ್ದು, ಕ್ಯಾಲೆಂಡರ್, ಎಲ್ಲ ಬರೆದೆ. ಸುಳ್ಳು ಬರೆದದ್ದನ್ನೂ ಮುಚ್ಚಲಿಲ್ಲ. ಮೊದಲು ದಿದಿಗೆ ಓದಿ ಹೇಳಿದೆ. ಇರಲಿ, ಅದೂ ಇರಲಿ ಎಂದರು.

ಸಂಜೆ ಸಂಘದ ಕೋಣೆಯಲ್ಲಿ ಹತ್ತು ಹನ್ನೆರಡು ಜನ ಸೇರಿದ್ದರು. ದಿದಿ ತಮ್ಮ ಕುರ್ಚಿಯಲ್ಲಿ ಅಂಚಿಗೆ ಕೂತಿದ್ದರು, ಯಾವಾಗ ಬೇಕಾದರೂ ಏಳಬೇಕಾಗಬಹುದು ಎನ್ನುವವರ ಹಾಗೆ. ನಾನು ಹಿಂದಿಯಲ್ಲಿ ಓದಿದೆ, ಕಾರ್ಯದರ್ಶಿ ನೇಪಾಳಿಯಲ್ಲಿ ಹೇಳಿದರು. ಗಾಳಿ ದಿನವೂ ಒಂದೇ ಕಡೆಯಿಂದ ಬರುತ್ತದೆಂದು ನಾನು ನಂಬಲಿಲ್ಲ ಎಂಬ ಸಾಲಿಗೆ ಬಂದಾಗ ಒಬ್ಬ ಅಜ್ಜ ಜೋರಾಗಿ ಏನೋ ಕೇಳಿದರು, ಇಡೀ ಕೋಣೆ ನಕ್ಕಿತು. ಕಾರ್ಯದರ್ಶಿ ಮುಜುಗರದಿಂದ ಅನುವಾದಿಸಿದರು: "ಇಷ್ಟು ಓದಿದವರು ಒಂದು ಬಾವುಟವನ್ನೂ ನೋಡಿರಲಿಲ್ಲವಾ ಅಂತ ಕೇಳುತ್ತಿದ್ದಾರೆ." ಕಾಕಾ ಎಲ್ಲರಿಗಿಂತ ಹೆಚ್ಚು ನಕ್ಕರು. ಅಲ್ಲೇ ಯಾರೋ, ಅದೆಲ್ಲ ಸರಿ, ಈಕೆ ಪುಸ್ತಕದಲ್ಲಿ ಸುಳ್ಳು ಬರೆದದ್ದು ಹೌದಲ್ಲ ಎಂದರು. ನಗು ನಿಂತಿತು.

ದಿದಿ ಎದ್ದು ನಿಂತರು. ಕಾರ್ಯದರ್ಶಿ ಆಮೇಲೆ ನನಗೆ ಹೇಳಿದ್ದು ಇಷ್ಟು: ಬರೆದದ್ದು ಹೌದು, ಇನ್ನು ಬರೆಯುವುದಿಲ್ಲ. ಯಾರಾದರೂ ನಂಬದಿದ್ದರೆ ನನ್ನನ್ನು ಕೇಳಲಿ, ಷರಾ ಬರೆಯಬೇಡಿ. ಇದಕ್ಕೆ ಒಪ್ಪುವುದಾದರೆ ಪುಸ್ತಕ ಇಟ್ಟುಕೊಳ್ಳುತ್ತೇನೆ, ಇಲ್ಲವಾದರೆ ಈಗಲೇ ತೆಗೆದುಕೊಳ್ಳಿ.

ಯಾರೂ ಕೈ ಚಾಚಲಿಲ್ಲ. ಪುಸ್ತಕ ಅವರ ಮಡಿಲಲ್ಲೇ ಉಳಿಯಿತು. ನಮೂನೆಯ ಕಡೆಯ ಸಾಲಿನಲ್ಲಿ ನಾನು ಮುಂದುವರಿಸಬಹುದು ಎಂದು ಬರೆದು, ಕೆಳಗೆ ನನ್ನ ಪೂರ್ಣ ಹೆಸರು ಬರೆದೆ.

ಮರುದಿನ ಬೆಳಿಗ್ಗೆ, ಹೊರಡಲು ನಿಂತಾಗ, ತಗಡಿನ ಪೆಟ್ಟಿಗೆ ಬಂತು. ಐದು ಜೀಪು, ಆರೋ ಏಳೋ ಕೈ ದಾಟಿ, ಒಂದು ಕಡೆ ಮಾತ್ರ ಸ್ವಲ್ಪ ತಗ್ಗಾಗಿ. ಕಾಕಾ ಅದನ್ನು ಮತ್ತೆ ತೊಡೆಯ ಮೇಲಿಟ್ಟುಕೊಂಡು ಹೈದರಾಬಾದಿನವರೆಗೆ ತಂದರು.

ಮತ್ತೆ ನಾಚಾರಂ

ಬಂದ ಮೇಲೆ ನನ್ನ ಮೇಜಿನ ಕೆಲಸದಲ್ಲಿ ಒಂದು ಬದಲಾವಣೆ ಮಾಡಿದೆ. ನಮೂನೆಯಲ್ಲಿ ಷರಾ ಬರೆಯುವ ಜಾಗದ ಮೇಲೆ ಒಂದು ಹೊಸ ಸಾಲು ಸೇರಿಸಿದೆ: ವೀಕ್ಷಕರನ್ನು ಕೇಳಿದಿರಾ, ಅವರು ಏನೆಂದರು. ಮಾಲೀಕರು ಗೊಣಗಿ, ಮುದ್ರಿಸಲು ಒಪ್ಪಿದರು. ಮೊದಲ ವರ್ಷ ಮುಗಿದ ಮೇಲೂ ಮಾರ್ಫಾದಿಂದ ತಿಂಗಳು ತಿಂಗಳು ಹಾಳೆ ಬಂತು. ದಕ್ಷಿಣ, ದಕ್ಷಿಣ, ದಕ್ಷಿಣ.

ದಸರೆ ಮುಗಿದ ಮೇಲೆ ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದು ಹೈದರಾಬಾದಿನಲ್ಲಿ ಎರಡು ದಿನ ಜಿಟಿಜಿಟಿ ಹಿಡಿಯಿತು. ಆ ಮೋಡದ ಸುಳಿ ನಮ್ಮನ್ನು ಬಿಟ್ಟು ಉತ್ತರಕ್ಕೆ ಸರಿಯಿತು. ಅದಾದ ಮೂರನೆಯ ದಿನ ಮಧ್ಯಾಹ್ನ ದಿದಿಯ ಫೋನು ಬಂತು. ಅವರು ತಾವಾಗಿ ಫೋನು ಮಾಡಿದ್ದು ಅದೇ ಮೊದಲು.

"ಬಹಿನಿ, ಇವತ್ತು ಹನ್ನೊಂದರ ಗಾಳಿ ಬರಲಿಲ್ಲ," ಎಂದರು. ತಂಗಿ ಎನ್ನಲು ಅಲ್ಲಿ ಹಾಗೆನ್ನುತ್ತಾರೆ. "ಉತ್ತರದಿಂದ ಬರುತ್ತಿದೆ. ಹಿಮವೂ ಬೀಳುತ್ತಿದೆ, ಈ ತಿಂಗಳಲ್ಲಿ. ಮೂರು ಸಲ ಹೋಗಿ ನಿಂತು ನೋಡಿದೆ. ಉತ್ತರ ಅಂತ ಬರೆದಿದ್ದೇನೆ."

ಬೆಟ್ಟಕ್ಕೆ ಬಡಿದ ಸುಳಿ ಆ ಸಂದಿನ ದಿನಚರಿಯನ್ನು ಒಂದು ದಿನದ ಮಟ್ಟಿಗೆ ತಿರುವುಮುರುವು ಮಾಡಿರಬಹುದು. ಮೋಡ ಕವಿದರೆ ಮೇಲಿನ ಬಯಲು ಕಾಯುವುದಿಲ್ಲ, ಕಾಯದಿದ್ದರೆ ಎಳೆಯುವುದಿಲ್ಲ. ಇದೆಲ್ಲ ನನಗೆ ಆಮೇಲೆ ಹೊಳೆಯಿತು. ಪರದೆಯ ಮೇಲೆ ಯಂತ್ರದ ದಾಖಲೆ ನನ್ನ ಕೈಯಳತೆಯಲ್ಲೇ ಇತ್ತು.

ಅದನ್ನು ತೆರೆದು ನೋಡಲಿಲ್ಲ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ, ಆದರೆ ಸುಳ್ಳಾಗುತ್ತದೆ. ನೋಡಿದೆ. ಮೊದಲು, "ಸರಿ ದಿದಿ, ಹಾಗೇ ಇರಲಿ" ಎಂದೆ. ಆಮೇಲೆ ನೋಡಿದೆ.